ಅಂಡರ್-19 ವಿಶ್ವಕಪ್ ಕನಸಿಗೆ ಹದಿಮೂರಕ್ಕೇ ಊರು ಬಿಡಬೇಕಾ?

ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಈಗ ಇದೇ ಮಾತು. ಮಗನೋ ಮಗಳೋ ಕ್ರಿಕೆಟ್ ಚೆನ್ನಾಗಿ ಆಡುತ್ತಾರೆ. ಇಲ್ಲೇ ಇದ್ದರೆ ಯಾರ ಕಣ್ಣಿಗೂ ಬೀಳಲ್ಲ, ಬೆಂಗಳೂರಿಗೆ ಕಳಿಸಿ ಅಂತ ಯಾರೋ ಹೇಳುತ್ತಾರೆ. ಮಗು ಇನ್ನೂ ಏಳನೇ ಕ್ಲಾಸೋ ಎಂಟನೇ ಕ್ಲಾಸೋ. ಕಳಿಸಬೇಕಾ, ಬೇಡವಾ? ಚಿಕ್ಕಮಗಳೂರಿನ ಒಬ್ಬ ತಂದೆ ಮತ್ತು ಹಾಸನದ ಒಬ್ಬ ಪಿಯು ಉಪನ್ಯಾಸಕಿ ಇಲ್ಲಿ ತಮ್ಮ ತಮ್ಮ ವಾದ ಇಟ್ಟಿದ್ದಾರೆ.

ಪರ: ಕಳಿಸಬೇಕು, ತಡ ಮಾಡಬಾರದು

ನನ್ನ ಮಗಳನ್ನು ನಾನು ಕಳಿಸಿದ್ದೇನೆ. ನೆಂಟರಿಷ್ಟರೆಲ್ಲ ಬೇಡ ಅಂದರು. ಹೆಣ್ಣುಮಗು, ಓದೋ ವಯಸ್ಸು, ಅಷ್ಟು ದೂರ ಯಾಕೆ ಅಂದರು. ಇವತ್ತು ಯಾರಾದರೂ ನನ್ನ ಹತ್ತಿರ ಬಂದು ಕೇಳಿದರೆ, ಮಗುವಿಗೆ ನಿಜವಾಗಿಯೂ ಆಟ ಒಲಿದಿದ್ದರೆ ಕಳಿಸಿ ಅಂತಲೇ ಹೇಳುತ್ತೇನೆ.

ಮೊದಲು ವಯಸ್ಸಿನ ಲೆಕ್ಕ ನೋಡಿ. ಹುಡುಗರ ಅಂಡರ್-19 ವಿಶ್ವಕಪ್ ಶುರುವಾಗಿದ್ದು 1988ರಲ್ಲಿ, ಆಸ್ಟ್ರೇಲಿಯಾದಲ್ಲಿ. 1998ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದೆ. ಒಬ್ಬ ಹುಡುಗ ಒಂದೇ ಸಲ ಈ ವಿಶ್ವಕಪ್ ಆಡಬಹುದು ಅಂತ 2016ರಲ್ಲಿ ಬಿಸಿಸಿಐ ನಿಯಮ ಮಾಡಿತು. ಸಿಗೋದು ಒಂದೇ ಅವಕಾಶ, ಅದೂ ಹದಿನೇಳು ಹದಿನೆಂಟರ ಹೊತ್ತಿಗೆ. ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಭಾರತ ತಂಡಕ್ಕೆ ಹೆಸರು ಹೋಗಬೇಕಾದರೆ ರಾಜ್ಯದ ಪರ ವಿನೂ ಮಂಕಡ್ ಟ್ರೋಫಿ, ಕೂಚ್ ಬಿಹಾರ್ ಟ್ರೋಫಿ ಅನ್ನೋ ಅಂಡರ್-19 ಟೂರ್ನಿಗಳಲ್ಲಿ ಆಡಿ ಮಿಂಚಿರಬೇಕು. ಅದಕ್ಕೂ ಮೊದಲು ಅಂಡರ್-16. ಅದರ ಸೆಲೆಕ್ಷನ್‌ಗೆ ಬರುವ ಹುಡುಗರು ಹದಿನಾಲ್ಕು, ಹದಿನೈದರವರು. ಎಸ್‌ಎಸ್‌ಎಲ್‌ಸಿ ಮುಗಿಯಲಿ, ಆಮೇಲೆ ನೋಡೋಣ ಅಂತ ಕೂತರೆ ಒಂದು ಮೆಟ್ಟಿಲು ಆಗಲೇ ಕೈ ತಪ್ಪಿರುತ್ತೆ.

ಇಲ್ಲೇ ಕಲಿಯಬಾರದಾ ಅಂತ ಕೇಳುತ್ತಾರೆ. ಇಲ್ಲಿ ಕಲಿಯೋದು ಏನು ಅಂತ ಹತ್ತಿರದಿಂದ ನೋಡಿದವನು ನಾನು. ನಮ್ಮ ಕಡೆಯ ಹೆಚ್ಚಿನ ಮಕ್ಕಳು ಟೆನ್ನಿಸ್ ಬಾಲ್‌ನಲ್ಲಿ ಶುರುಮಾಡಿ, ಆಮೇಲೆ ಪಿಚ್ ಮೇಲೆ ಹಾಸುವ ಮ್ಯಾಟ್ ಮೇಲೆ ಲೆದರ್ ಬಾಲ್ ಆಡುತ್ತಾರೆ. ಮ್ಯಾಟ್ ಮೇಲೆ ಚೆಂಡು ಬಿದ್ದರೆ ಹೆಚ್ಚುಕಮ್ಮಿ ಒಂದೇ ಥರ ಪುಟಿಯುತ್ತೆ, ಎತ್ತರಕ್ಕೆ ಬರುತ್ತೆ. ಮಕ್ಕಳು ಹಿಂದಕ್ಕೆ ಸರಿದು ಕಟ್, ಪುಲ್ ಹೊಡೆಯೋದನ್ನು ಬೇಗ ಕಲಿಯುತ್ತಾರೆ. ಅದೇ ಮಗುವನ್ನು ಇಬ್ಬನಿ ಆರದ ಬೆಳಗ್ಗೆ ಟರ್ಫ್ ವಿಕೆಟ್, ಅಂದರೆ ಮಣ್ಣು ಹುಲ್ಲಿನ ಪಿಚ್ ಮೇಲೆ ನಿಲ್ಲಿಸಿ. ಹೊಸ ಚೆಂಡು ಸೀಮ್ ಮೇಲೆ ಬಿದ್ದು ಸರಕ್ಕನೆ ಒಳಗೆ ಬರುತ್ತೆ. ಕೆಲವು ಚೆಂಡು ಮೊಣಕಾಲಿಗಿಂತ ಮೇಲೇಳುವುದೇ ಇಲ್ಲ. ನನ್ನ ಮಗಳ ಮೊದಲ ಟರ್ಫ್ ಮ್ಯಾಚಿನಲ್ಲಿ ಇದೇ ಆಯಿತು. ಇಲ್ಲಿ ಎಲ್ಲರನ್ನೂ ಚಚ್ಚುತ್ತಿದ್ದ ಹುಡುಗಿ, ಹಿಂಗಾಲ ಮೇಲೆ ನಿಂತಿದ್ದಂಗೇ ಚೆಂಡು ಕಾಲಿಗೆ ಬಡಿದು ಎಲ್‌ಬಿ ಔಟ್ ಆಗಿ ವಾಪಸ್ ಬಂದಳು. ಏನಾಯಿತು ಅಂತ ಅವಳಿಗೇ ಗೊತ್ತಾಗಲಿಲ್ಲ. ಬೌಲರ್‌ಗಳ ಪಾಡೂ ಅಷ್ಟೇ. ಮ್ಯಾಟ್ ಚೆಂಡನ್ನು ಹಿಡಿಯುತ್ತೆ, ಬೆರಳು ಸ್ವಲ್ಪ ತಿರುಗಿಸಿದರೂ ಸ್ಪಿನ್ ಆಗುತ್ತೆ. ಟರ್ಫ್ ಅಷ್ಟು ಸುಲಭಕ್ಕೆ ಏನನ್ನೂ ಕೊಡಲ್ಲ. ಸ್ಪೈಕ್ಸ್ ಹಾಕಿಕೊಂಡು ಓಡಿಬಂದು ಬೌಲ್ ಮಾಡೋದೇ ಬೇರೆ ಅಭ್ಯಾಸ. ಕಾಲಿನ ಈ ಲೆಕ್ಕವೆಲ್ಲ ಹದಿಮೂರಕ್ಕೆ ಬೇಗ ಕೂರುತ್ತೆ. ಹದಿನೇಳಕ್ಕೆ ಹಳೇದನ್ನು ಬಿಡಿಸಿ ಹೊಸದು ಕಲಿಸೋಕೆ ಟೈಮ್ ಎಲ್ಲಿ?

ಇನ್ನು ಮಳೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದವರಿಗೆ ನಾನು ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನಕ್ಕೆ ಕಾಲಿಡೋದೇ ಕಷ್ಟ. ದೇಶದ ಅಂಡರ್-19 ಟೂರ್ನಿಗಳು ಅಕ್ಟೋಬರ್ ಹೊತ್ತಿಗೆ ಶುರುವಾಗುತ್ತವೆ. ಜೋರಾಗಿ ತಯಾರಿ ಮಾಡಬೇಕಾದ ತಿಂಗಳಲ್ಲೇ ನಮ್ಮ ಮಕ್ಕಳು ಬ್ಯಾಟ್ ಮೂಲೆಗಿಟ್ಟು ಕೂತಿರುತ್ತಾರೆ.

ಹೋದವರು ಏನಾದರು ಅಂದ್ರೆ ಕಡೂರಿನ ವೇದಾ ಕೃಷ್ಣಮೂರ್ತಿಯನ್ನು ನೋಡಿ. ಚಿಕ್ಕ ವಯಸ್ಸಿಗೇ ಬೆಂಗಳೂರು ಸೇರಿ ಆಟ ಕಲಿತರು. 2011ರಲ್ಲಿ, ಹದಿನೆಂಟಕ್ಕೆ, ಭಾರತದ ಪರ ಮೊದಲ ಏಕದಿನ ಪಂದ್ಯದಲ್ಲೇ ಅರ್ಧಶತಕ ಹೊಡೆದರು. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ 45 ಎಸೆತಕ್ಕೆ 70 ರನ್. ಲಾರ್ಡ್ಸ್‌ನಲ್ಲಿ ನಡೆದ ಆ ಸಲದ ಫೈನಲ್ಲನ್ನು ನಮ್ಮ ಜಿಲ್ಲೆಯ ಹುಡುಗಿ ಆಡುತ್ತಿದ್ದಾಳೆ ಅಂತ ಎಷ್ಟು ಮನೆಗಳಲ್ಲಿ ಟಿವಿ ಮುಂದೆ ಕೂತಿದ್ದರು! ವೇದಾ ಬೆಳೆಯುವಾಗ ಹುಡುಗಿಯರಿಗೆ ಅಂಡರ್-19 ವಿಶ್ವಕಪ್ ಅಂತ ಇರಲೇ ಇಲ್ಲ. ಈಗ ಇದೆ. 2023ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮೊದಲ ಟೂರ್ನಿ ನಡೆಯಿತು, ಭಾರತ ಗೆದ್ದಿತು. 2025ರಲ್ಲಿ ಮಲೇಷ್ಯಾದಲ್ಲಿ ಮತ್ತೆ ಗೆದ್ದಿತು. ಆ ತಂಡದ ಕ್ಯಾಪ್ಟನ್ ನಿಕಿ ಪ್ರಸಾದ್ ನಮ್ಮ ಕರ್ನಾಟಕದವಳು. ಟೂರ್ನಿಗೆ ಮೊದಲೇ ಮಹಿಳೆಯರ ಲೀಗ್ ಡಬ್ಲ್ಯೂಪಿಎಲ್ ಹರಾಜಿನಲ್ಲಿ ಅವಳನ್ನು ಡೆಲ್ಲಿ ತಂಡ ತೆಗೆದುಕೊಂಡಿತ್ತು. ಹೆಣ್ಣುಮಕ್ಕಳಿಗೆ ಇಂಥ ದಾರಿ ತೆರೆದಿರೋದು ಈಗ. ನನ್ನ ಮಗಳಿಗೆ ಕಾದು ನೋಡು ಅಂತ ಯಾವ ಬಾಯಲ್ಲಿ ಹೇಳಲಿ?

ಓದಿನ ಚಿಂತೆ ನನಗೂ ಇದೆ. ಆದರೆ ಮುಂಚಿನ ಹಾಗಿಲ್ಲ. ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಸಿ ಎರಡಕ್ಕೂ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಟೂರ್ನಿಯಿಂದ ಮೊದಲನೆಯದು ತಪ್ಪಿದರೆ ಇನ್ನೊಂದು ಬರೆಯಬಹುದು, ವರ್ಷ ಹಾಳಾಗಲ್ಲ.

ಕೊನೆಗೆ ಎಲ್ಲರೂ ಕೇಳೋದು: ದೊಡ್ಡ ತಂಡಕ್ಕೆ ಬರದೇ ಹೋದರೆ? 2008ರಲ್ಲಿ ಕೊಹ್ಲಿ ನಾಯಕತ್ವದಲ್ಲಿ ಅಂಡರ್-19 ವಿಶ್ವಕಪ್ ಗೆದ್ದ ತಂಡ ನೆನಪಿದೆ ಅಲ್ವಾ? ಫೈನಲ್‌ನ ಪಂದ್ಯಶ್ರೇಷ್ಠ ಅಜಿತೇಶ್ ಅರ್ಗಲ್ ಮುಂದೆ ಆದಾಯ ತೆರಿಗೆ ಇಲಾಖೆಗೆ ಸೇರಿದರು. ಆ ಟೂರ್ನಿಯಲ್ಲೇ ಅತಿ ಹೆಚ್ಚು ರನ್ ಹೊಡೆದ ತನ್ಮಯ್ ಶ್ರೀವಾಸ್ತವ ಅಂಪೈರ್ ಆದರು, ಐಪಿಎಲ್ ಪಂದ್ಯಗಳಲ್ಲೂ ನಿಂತರು. ಇಬ್ಬರೂ ಭಾರತದ ಸೀನಿಯರ್ ತಂಡಕ್ಕೆ ಆಡಲಿಲ್ಲ. ಬದುಕು ಕೆಟ್ಟುಹೋಯಿತಾ? ಇಲ್ಲ. ಆಸೆಪಟ್ಟು ಹೊರಟ ಮಗುವನ್ನು ನಮ್ಮ ಭಯಕ್ಕೆ ಮನೆಯಲ್ಲಿ ಕೂರಿಸೋದು ನನಗೆ ಸರಿ ಕಾಣಲಿಲ್ಲ.

ವಿರೋಧ: ಹದಿಮೂರಕ್ಕೆ ಬೇಡ

ನಾನು ಹಾಸನದ ಪಿಯು ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಪರ ಬರೆದವರು 2008ರ ತಂಡದವರ ಮಾತು ತೆಗೆದರು. ಅವರು ವಿಶ್ವಕಪ್ ಗೆದ್ದವರು. ಆ ಹೆಸರಿನ ಮೇಲೆ ನಾಲ್ಕು ಬಾಗಿಲು ತೆರೆಯುತ್ತವೆ. ರಾಜ್ಯದ ಅಂಡರ್-16 ಸಂಭಾವ್ಯರ ಪಟ್ಟಿಯಲ್ಲೇ ಹೆಸರು ನಿಂತುಹೋದ ಹುಡುಗರು ನನ್ನ ಕ್ಲಾಸಿಗೆ ಬರುತ್ತಾರೆ. ಎಂಟು, ಒಂಬತ್ತು, ಹತ್ತು, ಮೂರೂ ವರ್ಷ ಸರಿಯಾಗಿ ಕ್ಲಾಸಲ್ಲಿ ಕೂತಿರಲ್ಲ. ಜಾಣ ಮಕ್ಕಳೇ. ಆದರೆ ಲೆಕ್ಕದಲ್ಲಿ ಒಂದು ಸಮೀಕರಣ ಬಿಡಿಸೋಕೆ ಕೊಟ್ಟರೆ ಪೆನ್ ಹಿಡಿದು ಸುಮ್ನೆ ಕೂತುಬಿಡುತ್ತಾರೆ. ಒಂದು ಪರೀಕ್ಷೆ ಇದ್ದರೂ ಅಷ್ಟೇ, ಮೂವತ್ತು ಇದ್ದರೂ ಅಷ್ಟೇ. ಬುನಾದಿ ಹಾಕುವ ವರ್ಷಗಳು ಹೋಗಿರುತ್ತವೆ.

ಅಂಡರ್-19 ವಿಶ್ವಕಪ್‌ಗೆ ಇಡೀ ದೇಶದಿಂದ ಹದಿನೈದು ಜನ ಹೋಗುತ್ತಾರೆ, ಅದೂ ಎರಡು ವರ್ಷಕ್ಕೊಮ್ಮೆ. ಚೆನ್ನಾಗಿ ಆಡಿದರೆ ಬಂದೇ ಬರುತ್ತೆ ಅನ್ನೋ ಹಾಗೂ ಇಲ್ಲ. 2024ರ ಜನವರಿಯಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲೇ ಕೂಚ್ ಬಿಹಾರ್ ಟ್ರೋಫಿ ಫೈನಲ್ ನಡೆಯಿತು. ಮುಂಬೈ ಮೇಲೆ ಕರ್ನಾಟಕದ ಪ್ರಖರ್ ಚತುರ್ವೇದಿ ಔಟಾಗದೆ 404 ರನ್ ಹೊಡೆದ. ಕರ್ನಾಟಕ 8 ವಿಕೆಟ್‌ಗೆ 890. ಟ್ರೋಫಿ ಮೊದಲ ಸಲ ನಮ್ಮದಾಯಿತು. ಅದೇ ವಾರ ದಕ್ಷಿಣ ಆಫ್ರಿಕಾದಲ್ಲಿ ಅಂಡರ್-19 ವಿಶ್ವಕಪ್ ಶುರುವಾಯಿತು. ತಂಡ ಹಿಂದಿನ ತಿಂಗಳೇ ಆರಿಸಿ ಆಗಿತ್ತು, ಅದರಲ್ಲಿ ಪ್ರಖರ್ ಹೆಸರಿರಲಿಲ್ಲ. ಅವನು ಆ ದಿನ ಮುರಿದಿದ್ದು ಇದೇ ಟ್ರೋಫಿಯ ಫೈನಲ್‌ನಲ್ಲಿ ಯುವರಾಜ್ ಸಿಂಗ್ ಹೊಡೆದಿದ್ದ 358ರ ದಾಖಲೆ. ಯುವರಾಜ್ ಆ ರನ್ ಹೊಡೆದದ್ದು 1999ರಲ್ಲಿ, ಜಮ್ಷೆಡ್‌ಪುರದಲ್ಲಿ, ಬಿಹಾರದ ಮೇಲೆ. ಬಿಹಾರ ತಂಡ ಒಟ್ಟಾರೆ ಹೊಡೆದದ್ದು 357, ಅದರಲ್ಲಿ 84 ಧೋನಿಯದು. ಯುವರಾಜ್ 2000ದ ಅಂಡರ್-19 ವಿಶ್ವಕಪ್‌ಗೆ ಹೋದರು, ಟೂರ್ನಿಯ ಶ್ರೇಷ್ಠ ಆಟಗಾರ ಆದರು. ಧೋನಿ ಆಯ್ಕೆಯಾಗಲಿಲ್ಲ. ಮುಂದಿನದು ಎಲ್ಲರಿಗೂ ಗೊತ್ತು. ಬುಮ್ರಾ ಕೂಡ ಅಂಡರ್-19 ವಿಶ್ವಕಪ್ ಆಡಿದವರಲ್ಲ. ಆ ಬಾಗಿಲು ಮುಚ್ಚಿದರೆ ಎಲ್ಲ ಮುಗಿಯಿತು ಅನ್ನೋ ಭಯಕ್ಕೆ ಆಧಾರ ಇಲ್ಲ.

ಬಾಗಿಲು ತೆರೆದವರ ಕಥೆಯನ್ನೂ ನೋಡಿ. 2012ರ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಮೇಲೆ ಔಟಾಗದೆ 111 ಹೊಡೆದು ಕಪ್ ಗೆಲ್ಲಿಸಿದ ಕ್ಯಾಪ್ಟನ್ ಉನ್ಮುಕ್ತ್ ಚಂದ್. ಅದೇ ವರ್ಷ ಹಾಜರಾತಿ ಸಾಲದೆ ಕಾಲೇಜಿನಲ್ಲಿ ಪರೀಕ್ಷೆಗೆ ತೊಂದರೆಯಾಗಿತ್ತು. ಕಪ್ ಗೆದ್ದ ಮೇಲೆ ದೊಡ್ಡವರೆಲ್ಲ ಅವನ ಪರ ಮಾತಾಡಿದರು, ದಾರಿ ಆಯಿತು. ನಮ್ಮ ಅರಕಲಗೂಡಿನ ಹುಡುಗನ ಪರ ಯಾರು ಮಾತಾಡುತ್ತಾರೆ? ಉನ್ಮುಕ್ತ್‌ಗೆ ಭಾರತದ ಸೀನಿಯರ್ ಕ್ಯಾಪ್ ಕೊನೆಗೂ ಸಿಗಲಿಲ್ಲ. ಅಮೆರಿಕಕ್ಕೆ ಹೋಗಿ ಆಡಬೇಕಾಯಿತು.

ನನಗೆ ಜಾಸ್ತಿ ಹೆದರಿಕೆ ಹುಟ್ಟಿಸೋದು ವಯಸ್ಸಿನ ಕಳ್ಳಾಟ. ಹದಿಮೂರಕ್ಕೇ ಓಟ ಶುರುವಾದರೆ, ಒಂದೆರಡು ವರ್ಷ ಕಮ್ಮಿ ತೋರಿಸಿದರೆ ಏನು ಅನ್ನೋ ಯೋಚನೆ ಕೆಲವು ಅಪ್ಪ ಅಮ್ಮಂದಿರ ತಲೆಗೆ ಬರುತ್ತೆ. ಮಗುವಿನ ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆ ಎಷ್ಟು ಬೆಳೆದಿದೆ ಅಂತ ನೋಡುವ ಪರೀಕ್ಷೆಯನ್ನು ಬಿಸಿಸಿಐ ತಂದದ್ದೇ ಇದಕ್ಕೆ. 2020ರಲ್ಲಿ ಇನ್ನೂ ಮುಂದೆ ಹೋಗಿ, ಸುಳ್ಳು ಜನನ ಪತ್ರ ಕೊಟ್ಟವರು ತಾವಾಗಿ ಒಪ್ಪಿಕೊಂಡರೆ ಶಿಕ್ಷೆ ಇಲ್ಲ, ಸಿಕ್ಕಿಬಿದ್ದರೆ ಎರಡು ವರ್ಷ ನಿಷೇಧ ಅಂತ ಹೇಳಬೇಕಾಯಿತು. ರಾಹುಲ್ ದ್ರಾವಿಡ್ 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಈ ಪಿಡುಗಿನ ಬಗ್ಗೆ ಕಟುವಾಗಿ ಮಾತಾಡಿದ್ದರು. ಯೋಚಿಸಿ ನೋಡಿ. ಏಳನೇ ಕ್ಲಾಸಿನ ಮಗು, ಅಪ್ಪ ಬರೆಸಿದ ಸುಳ್ಳು ತಾರೀಕನ್ನು ಪ್ರತಿ ಸೆಲೆಕ್ಷನ್‌ನಲ್ಲೂ ಬಾಯಿಬಿಟ್ಟು ಹೇಳಬೇಕು. ಅದನ್ನು ಹೊತ್ತುಕೊಂಡು ಹೇಗೆ ಮಲಗುತ್ತೆ?

ಮೈಯ ಮಾತೂ ಇದೆ. ಬೆಳೆಯುವ ವಯಸ್ಸಿನ ಫಾಸ್ಟ್ ಬೌಲರ್‌ಗಳಿಗೆ ಬೆನ್ನುಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬರೋದು ಕ್ರಿಕೆಟ್‌ನಲ್ಲಿ ಹೊಸದೇನಲ್ಲ. ಬೆಳಗ್ಗೆ ಒಂದು ಕಡೆ ನೆಟ್ಸ್, ಮಧ್ಯಾಹ್ನ ಮ್ಯಾಚ್, ಸಂಜೆ ಮತ್ತೆ ನೆಟ್ಸ್. ಸೊಂಟ ನೋಯುತ್ತೆ ಅಂತ ಹೇಳಿದರೆ ಜಾಗ ಹೋಗುತ್ತೆ ಅಂತ ಹುಡುಗ ಹೇಳೋದೇ ಇಲ್ಲ. ಮನೆಯಲ್ಲಿದ್ದರೆ ಮಂಚದಿಂದ ಏಳುವಾಗಲೇ ಅಮ್ಮನ ಕಣ್ಣಿಗೆ ಬೀಳುತ್ತಿತ್ತು.

ಜಾವಗಲ್ ಶ್ರೀನಾಥ್ ಅವರ ಹೆಸರಿನಲ್ಲಿರುವ ಜಾವಗಲ್ ನಮ್ಮ ಅರಸೀಕೆರೆ ತಾಲ್ಲೂಕಿನ ಊರು. ಅವರು ಬೆಳೆದದ್ದು ಮೈಸೂರಿನಲ್ಲಿ. ಅಲ್ಲೇ ಎಂಜಿನಿಯರಿಂಗ್ ಓದಿದರು. ಇಪ್ಪತ್ತರ ಹೊತ್ತಿಗೆ ರಣಜಿ ಆಡಿದರು, ಮೊದಲ ಪಂದ್ಯದಲ್ಲೇ ಹ್ಯಾಟ್ರಿಕ್ ತೆಗೆದರು. ಟೆಸ್ಟ್‌ನಲ್ಲಿ 236, ಏಕದಿನದಲ್ಲಿ 315 ವಿಕೆಟ್. ಕಾಲ ಬದಲಾಗಿದೆ, ಒಪ್ಪುತ್ತೇನೆ. ಆದರೆ ಓದು ಆಟ ಎರಡೂ ಒಟ್ಟಿಗೆ ಸಾಗಲ್ಲ ಅನ್ನೋದನ್ನು ಒಪ್ಪಲ್ಲ.

ಹುಡುಗಿಯರ ವಿಷಯದಲ್ಲಿ ಮಾತ್ರ ಪರ ಬರೆದವರ ಮಾತಿನಲ್ಲಿ ಹುರುಳಿದೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಹುಡುಗಿಯರಿಗೆ ಜೊತೆಯಲ್ಲಿ ಆಡೋಕೆ ಹನ್ನೊಂದು ಜನ ಸಿಗೋದೇ ಕಷ್ಟ. ಹುಡುಗರ ನೆಟ್ಸ್‌ನಲ್ಲಿ ಕೊನೆಗೆ ನಾಲ್ಕು ಚೆಂಡು ಆಡಿಸಿ ಕಳಿಸುತ್ತಾರೆ. ಆ ತಂದೆಯ ಸಂಕಟ ನನಗೆ ಅರ್ಥವಾಗುತ್ತೆ. ಹಾಗಿದ್ದರೂ ಹದಿಮೂರರ ಹುಡುಗಿಯನ್ನು ಗೊತ್ತಿಲ್ಲದ ಊರಿನ ಪಿಜಿಯಲ್ಲಿ ಒಬ್ಬಳನ್ನೇ ಬಿಡಿ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಅಪ್ಪನೋ ಅಮ್ಮನೋ ಜೊತೆಗೆ ಹೋಗಿ ಮನೆ ಮಾಡೋ ಹಾಗಿದ್ದರೆ ಮಾತು ಬೇರೆ. ಕಾಫಿ ತೋಟದಲ್ಲಿ ದಿನಗೂಲಿ ಮಾಡುವ ಮನೆಗೆ, ಎರಡು ಎಕರೆ ಆಲೂಗೆಡ್ಡೆ ಜೋಳ ಬೆಳೆಯುವ ಮನೆಗೆ ಅದು ಆಗದ ಮಾತು. ಹೀಗೇ ಬಿಟ್ಟರೆ ಇದು ಕಾಸಿದ್ದವರ ಆಟವಾಗಿ ಉಳಿಯುತ್ತೆ.

ಮ್ಯಾಟ್, ಟರ್ಫ್ ಬಗ್ಗೆ ಅವರು ಬರೆದದ್ದು ಪೂರ್ತಿ ನಿಜ. ಅದಕ್ಕೇ ನಾವು ಕೇಳಬೇಕಾದದ್ದು ಟರ್ಫ್‌ಅನ್ನು. ಶಿವಮೊಗ್ಗದ ನವುಲೆಯಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನ ಇದೆ, ರಣಜಿ ಪಂದ್ಯಗಳೂ ನಡೆದಿವೆ. ಮಲೆನಾಡಿನ ಮಳೆಯಲ್ಲಿ ಟರ್ಫ್ ನಿಲ್ಲುತ್ತೆ ಅಂತ ಅಲ್ಲಿ ಆಗಲೇ ಗೊತ್ತಾಗಿದೆ. ನಮ್ಮ ಪ್ರತಿ ತಾಲ್ಲೂಕಿನ ಹುಡುಗರಿಗೂ ಹುಡುಗಿಯರಿಗೂ ವಾರಕ್ಕೆರಡು ದಿನವಾದರೂ ಟರ್ಫ್ ಮೇಲೆ ಆಡಲು ಸಿಗಬೇಕು. ಮಳೆಗಾಲಕ್ಕೆ ಮೇಲೆ ಶೀಟ್ ಹಾಕಿದ ನೆಟ್ಸ್ ಬೇಕು. ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ 2017ರಿಂದ ಬೆಂಗಳೂರಿಗೆ ನೇರ ರೈಲಿದೆ. ಏಪ್ರಿಲ್, ಮೇ ರಜೆಯಲ್ಲಿ ಅಲ್ಲಿ ಕ್ಯಾಂಪ್ ಮಾಡಿಸಿ, ಮ್ಯಾಚ್ ಇದ್ದ ದಿನ ಕರೆದುಕೊಂಡು ಹೋಗಿ. ಎಸ್‌ಎಸ್‌ಎಲ್‌ಸಿ ಬರೆದು ಹದಿನಾರಕ್ಕೆ ಹೊರಡಲಿ. ಆಗಲೂ ಅಂಡರ್-19ಕ್ಕೆ ಎರಡು ಮೂರು ವರ್ಷ ಉಳಿದಿರುತ್ತೆ, ಅದು ತಪ್ಪಿದರೂ ಅಂಡರ್-23ರ ಸಿ.ಕೆ. ನಾಯ್ಡು ಟ್ರೋಫಿ ಇದೆ. ನಮ್ಮ ಶಾಸಕರ ಮುಂದೆ, ಜಿಲ್ಲಾ ಕ್ರೀಡಾ ಇಲಾಖೆಯ ಮುಂದೆ, ಕ್ರಿಕೆಟ್ ಸಂಸ್ಥೆಯ ಮುಂದೆ ಈ ಅರ್ಜಿ ಹಿಡಿದು ನಿಲ್ಲೋಕೆ ನಾನು ತಯಾರಿದ್ದೇನೆ. ಪರ ಬರೆದ ಅಣ್ಣನವರೂ ಬಂದರೆ, ಮ್ಯಾಟ್ ಮೇಲೆ ಕಲಿತ ಮಗು ಟರ್ಫ್ ಮೇಲೆ ಯಾಕೆ ಎಲ್‌ಬಿ ಆಗುತ್ತೆ ಅಂತ ಅಧಿಕಾರಿಗಳಿಗೆ ನನಗಿಂತ ಚೆನ್ನಾಗಿ ಅವರೇ ಹೇಳುತ್ತಾರೆ.