ಗುಣವಾದರೆ ಗಲ್ಲು, ಆಗದಿದ್ದರೆ ಸೆಲ್ಲು

ಜೈಲುಗಳಲ್ಲಿ ಮಾನಸಿಕ ಚಿಕಿತ್ಸೆ ಹೆಚ್ಚಿಸ್ತೇವೆ ಅಂತ ಸರ್ಕಾರಗಳು ಆಗಾಗ ಹೇಳುತ್ತವೆ. ಸಂತೋಷ. ಹೊರಗಿದ್ದಾಗ ತಿಂಗಳುಗಟ್ಟಲೆ ಅಲೆದರೂ ಸಿಗದ ಮನೋವೈದ್ಯರು ಒಂದು ಪರ್ಸ್ ಕದ್ದರೆ ಸಿಗ್ತಾರೆ ಅಂದ್ರೆ ಸುಮ್ನೇನಾ?

1939ರಲ್ಲಿ ಲಯನೆಲ್ ಪೆನ್‌ರೋಸ್ ಎಂಬ ಬ್ರಿಟಿಷ್ ಮನೋವೈದ್ಯರು ಯುರೋಪಿನ ದೇಶಗಳ ಲೆಕ್ಕ ತೆಗೆದು ನೋಡಿದರು. ಮಾನಸಿಕ ಆಸ್ಪತ್ರೆಯಲ್ಲಿ ಜನ ಕಡಿಮೆ ಇದ್ದಲ್ಲಿ ಜೈಲಿನಲ್ಲಿ ಜಾಸ್ತಿ ಇದ್ದರು. ಅವರು ಕೊಟ್ಟಿದ್ದು ಎಚ್ಚರಿಕೆ. ದೊಡ್ಡವರು ಅದನ್ನು ಪ್ಲ್ಯಾನ್ ಅಂತ ಓದಿಕೊಂಡರೇನೋ. ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯ ಜೈಲನ್ನು ಈಗ ಆ ದೇಶದ ಅತಿ ದೊಡ್ಡ ಮಾನಸಿಕ ಆಸ್ಪತ್ರೆಗಳಲ್ಲಿ ಒಂದು ಅಂತಾರೆ. ಬೋರ್ಡ್ ಬದಲಾಯಿಸುವ ಖರ್ಚೂ ಉಳಿಯಿತು.

ತಪಾಸಣೆಯ ವೈಭವ ನೋಡಬೇಕು. ಎಷ್ಟೋ ಜೈಲುಗಳಲ್ಲಿ ಬಾಗಿಲು ತೆಗೆಯುವುದೇ ಇಲ್ಲ. ಊಟದ ತಟ್ಟೆ ತಳ್ಳುವ ಕಿಂಡಿಗೆ ಡಾಕ್ಟರು ಬಗ್ಗಿ ಬಾಯಿ ಇಡುತ್ತಾರೆ. ‘ನಿದ್ದೆ ಬರುತ್ತಾ? ಕಿವಿಯಲ್ಲಿ ಯಾರಾದರೂ ಮಾತಾಡ್ತಾರಾ?’ ಹಿಂದೆ ಇಬ್ಬರು ಗಾರ್ಡ್‌ಗಳು ನಿಂತು ಹರಟೆ ಹೊಡೀತಿರ್ತಾರೆ. ‘ಹೌದು ಡಾಕ್ಟ್ರೇ, ಇಬ್ಬರು’ ಅಂತಾನೆ ಒಳಗಿನವನು. ಒಂದು ಮಾತ್ರೆ ಜಾಸ್ತಿ ಆಗುತ್ತದೆ.

ಇನ್ನು ಕೋರ್ಟು. ಆರೋಪಿಗೆ ವಿಚಾರಣೆ ಅರ್ಥವಾಗದಿದ್ದರೆ ಕೇಸ್ ನಡೆಸುವಂತಿಲ್ಲ. ಮೊದಲು ಆಸ್ಪತ್ರೆಗೆ ಕಳಿಸಿ ಸರಿ ಮಾಡಬೇಕು. ಆಸ್ಪತ್ರೆಯಲ್ಲಿ ಬೆಡ್ ಇಲ್ಲ. ಹಾಗಾಗಿ ಜೈಲಿನಲ್ಲೇ ಕಾಯಬೇಕು. ಕಾಯ್ತಾ ಕಾಯ್ತಾ ಅರ್ಧ ಕೆಟ್ಟ ತಲೆ ಪೂರ್ತಿ ಕೆಡುತ್ತದೆ. ಕೊನೆಗೆ ಬೆಡ್ ಸಿಕ್ಕಿ, ಸ್ವಲ್ಪ ಸುಧಾರಿಸಿದ ಕೂಡಲೇ ವಾಪಸ್ ಅದೇ ಸೆಲ್ಲಿಗೆ.

ಅಮೆರಿಕದ ಇಂಡಿಯಾನಾದಲ್ಲಿ ಜಾಕ್ಸನ್ ಅಂತ ಒಬ್ಬನಿದ್ದ. ಕಿವಿ ಕೇಳದು, ಮಾತು ಬಾರದು, ಓದು ಬರಹ ಇಲ್ಲ, ಬುದ್ಧಿ ಪುಟ್ಟ ಮಗುವಿನದು. ಆರೋಪ ಏನು? 4 ಡಾಲರ್ ಬೆಲೆಯ ಸಾಮಾನು, 5 ಡಾಲರ್ ನಗದು ಕದ್ದಿದ್ದು. ಇವನು ಸುಧಾರಿಸುವುದು ಕಷ್ಟ ಅಂತ ಡಾಕ್ಟರುಗಳು ಹೇಳಿದರು. ಇಂಥವನಿಗೆ ನೆರವಾಗುವ ವ್ಯವಸ್ಥೆಯೇ ರಾಜ್ಯದಲ್ಲಿಲ್ಲ ಅನ್ನೋ ಸಾಕ್ಷ್ಯವೂ ಬಂತು. ಕೋರ್ಟು ಅದನ್ನೆಲ್ಲ ಕೇಳಿಸಿಕೊಂಡು, ಬುದ್ಧಿ ಸ್ಥಿಮಿತಕ್ಕೆ ಬರುವ ತನಕ ಒಳಗಿಡಿ ಅಂತು. ಹೀಗೆ ಕೊನೆಯಿಲ್ಲದೆ ಇಡುವಂತಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೊಳೆದಿದ್ದು 1972ರಲ್ಲಿ. ಅಷ್ಟರಲ್ಲಿ ಮೂರು ವರ್ಷ ದಾಟಿತ್ತು. ಡಾಲರಿಗೆ ನಾಲ್ಕು ತಿಂಗಳಿಗಿಂತ ಜಾಸ್ತಿ ಬಿತ್ತು, ಅಲ್ವಾ?

ಚಿಕಿತ್ಸೆ ಫಲಿಸಿದ ಉದಾಹರಣೆಯೂ ಇದೆ. ಬುದ್ಧಿ ಸ್ಥಿಮಿತ ಇಲ್ಲದವರನ್ನು ಗಲ್ಲಿಗೇರಿಸಬಾರದು ಅಂತ 1986ರಲ್ಲಿ ಅದೇ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೆ ಅರ್ಕಾನ್ಸಾ ರಾಜ್ಯದಲ್ಲಿ ಮರಣದಂಡನೆಯ ತೀರ್ಪಾಗಿದ್ದ ಸಿಂಗಲ್ಟನ್ ಎಂಬ ಕೈದಿಗೆ ಔಷಧ ಕೊಟ್ಟರೆ ಬುದ್ಧಿ ನೆಟ್ಟಗಾಗುತ್ತಿತ್ತು. ಬಲವಂತವಾಗಿಯಾದರೂ ಕೊಡಬಹುದು, ಆಮೇಲೆ ಶಿಕ್ಷೆಯನ್ನೂ ಜಾರಿ ಮಾಡಬಹುದು ಅಂತ 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. 2004ರ ಜನವರಿಯಲ್ಲಿ ಕೊನೆಯ ಇಂಜೆಕ್ಷನ್ನೂ ಆಯಿತು, ಅದು ಸಾಯಿಸುವ ಇಂಜೆಕ್ಷನ್ನು.

ಆ ಕಿಂಡಿಯ ಹತ್ತಿರ ಡಾಕ್ಟರು ಇನ್ನೂ ಬಗ್ಗಿಯೇ ಇದ್ದಾರೆ. ‘ಈಗ ಹೇಗಿದ್ದೀಯಪ್ಪಾ?’

‘ಯಾವ ಉತ್ತರಕ್ಕೆ ಎಷ್ಟು ವರ್ಷ, ಮೊದಲು ಅದು ಹೇಳಿ ಡಾಕ್ಟ್ರೇ.’