ಸುಮ್ನೆ ಐದು ನಿಮಿಷ

ಸಂವಿಧಾನದ 22ನೇ ವಿಧಿ ಬರೆದವರು ಪಾಪ, ಒಳ್ಳೆಯವರು. ಬಂಧಿಸಿದರೆ ಕಾರಣ ಹೇಳಿ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಎಂದರು. ಬಂಧಿಸದೆಯೇ ಕೂರಿಸಿಕೊಂಡರೆ? ಅದು ಅವರಿಗೆ ಹೊಳೆಯಲೇ ಇಲ್ಲ.

ನಮ್ಮ ಬೀದಿಯ ಹುಡುಗನೊಬ್ಬನಿಗೆ ಸೋಮವಾರ ಸಂಜೆ ಫೋನ್ ಬಂತು. "ಸುಮ್ನೆ ಐದು ನಿಮಿಷ ಸ್ಟೇಷನ್‌ಗೆ ಬಂದು ಹೋಗಪ್ಪ." ಹೋದ. ಮೊಬೈಲು ರೈಟರ್ ಡ್ರಾಯರ್ ಸೇರಿತು, ಹುಡುಗ ಬೆಂಚು ಸೇರಿದ. ರಾತ್ರಿ ಹತ್ತಕ್ಕೆ ಅವನ ತಾಯಿ ಡಬ್ಬಿ ಹಿಡಿದು ಹೊರಟರು. ಜೊತೆಗೆ ನಾನೂ.

"ಸಾರ್, ಮಗನ್ನ ಅರೆಸ್ಟ್ ಮಾಡಿದ್ದೀರಾ?"

"ಛೆ ಛೆ, ಬಿಡ್ತು ಅನ್ನಿ! ವಿಚಾರಣೆ ಅಷ್ಟೇ ಅಮ್ಮ."

"ಹಾಗಾದ್ರೆ ಕರ್ಕೊಂಡು ಹೋಗ್ಲಾ?"

"ಅದು ಹೆಂಗಾಗತ್ತೆ?"

ತ್ರಿಶಂಕುವಿಗೆ ಸ್ವರ್ಗವಾದರೂ ಇತ್ತು. ಇವನಿಗೆ ಒಂದು ಕಾಲು ಮುರಿದ ಬೆಂಚು.

ಏಳು ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಸುಮ್ಮಸುಮ್ಮನೆ ಬಂಧಿಸಬೇಡಿ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಇವರು ಚಾಚೂ ತಪ್ಪದೆ ಪಾಲಿಸುತ್ತಾರೆ. ಬಂಧಿಸಲೇ ಇಲ್ಲವಲ್ಲ! ಬಂಧನ ಬೇಕಿಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಸಬೇಕು ಅಂತಲೂ ಕಾನೂನಿದೆ. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 41ಎ ಅಂತಿದ್ದ ಆ ಸೆಕ್ಷನ್ 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 35(3) ಆಯಿತು. ಸೆಕ್ಷನ್ನಿನ ನಂಬರ್ ಬದಲಾಯಿತು, ಐದು ನಿಮಿಷದ್ದು ಮಾತ್ರ ಅದೇ ಹಳೇ ಅಳತೆ.

ಠಾಣೆಗಳಿಗೆಲ್ಲ ಕ್ಯಾಮೆರಾ ಹಾಕಿ ಎಂದು 2020ರಲ್ಲಿ ಅದೇ ಕೋರ್ಟು ಆದೇಶಿಸಿತು. ಇಲ್ಲೂ ಹಾಕಿದ್ದಾರೆ. ಬೆಂಚಿನ ಮೇಲಿನ ಕ್ಯಾಮೆರಾಗೆ ಯಾವುದೋ ಆಯುಧಪೂಜೆಯ ಚೆಂಡುಹೂವಿನ ಹಾರ ಇನ್ನೂ ಇತ್ತು, ಸರಿಯಾಗಿ ಲೆನ್ಸ್ ಮುಚ್ಚುವಂತೆ. ಭಕ್ತಿ ಜಾಸ್ತಿ.

ಮಂಗಳವಾರ ಇಡ್ಲಿ ಹೋಯಿತು. ಬುಧವಾರ ಚಿತ್ರಾನ್ನ. ಗುರುವಾರ ಬೆಳಿಗ್ಗೆ ಉಪ್ಪಿಟ್ಟಿನ ಡಬ್ಬಿ ಹೋಗುವ ಹೊತ್ತಿಗೆ ಅರೆಸ್ಟ್ ಮೆಮೊ ತಯಾರಾಗುತ್ತಿತ್ತು. ಬಂಧಿಸಿದ ಹೊತ್ತು ಬರೆಯಬೇಕು, ಮನೆಯವರೋ ಊರಿನ ಗಣ್ಯರೋ ಸಾಕ್ಷಿ ಹಾಕಬೇಕು ಎಂದು ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನಲ್ಲಿದೆ. ನಮ್ಮ ರೈಟರ್ ನಿಯಮದ ಮನುಷ್ಯ. ನೀಟಾಗಿ ಬರೆದು ಗಟ್ಟಿಯಾಗಿ ಓದಿದರು: "ಈ ದಿನ ಬೆಳಿಗ್ಗೆ 6 ಗಂಟೆಗೆ, ಬಸ್ ಸ್ಟ್ಯಾಂಡ್ ಹತ್ತಿರ ಅನುಮಾನಾಸ್ಪದವಾಗಿ ಓಡಾಡುತ್ತಿದ್ದಾಗ ವಶಕ್ಕೆ ಪಡೆಯಲಾಯಿತು." ಆಮೇಲೆ ಪೆನ್ನನ್ನು ತಾಯಿಯ ಕಡೆ ಚಾಚಿದರು.

ಆಕೆ ಪೆನ್ನು ತೆಗೆದುಕೊಳ್ಳಲಿಲ್ಲ. "ಬಸ್ ಸ್ಟ್ಯಾಂಡಲ್ಲಿ ಓಡಾಡ್ತಿದ್ನಾ? ಹಾಗಾದ್ರೆ ಮೂರು ದಿನದಿಂದ ನನ್ನ ಡಬ್ಬಿ ಖಾಲಿ ಮಾಡಿದೋರು ಯಾರು ಸಾರ್?"