ಬ್ರಾಂಚ್ ಆಯ್ಕೆಗೂ ಮುಂಚೆ ಕೇಳಬೇಕಾದದ್ದು

ಎಂಬಿಬಿಎಸ್ ಮುಗಿಸಿದವರು ಮುಂದಿನ ತಜ್ಞತೆಯ ಓದಿಗಾಗಿ ಬರೆಯುವ ನೀಟ್ ಪಿಜಿ ಪರೀಕ್ಷೆಯ ಫಲಿತಾಂಶ ಬಂತೆಂದರೆ, ಪರಿಚಿತರ ಮಕ್ಕಳಿಂದ ವೈದ್ಯನಾದ ನನಗೆ ಬರುವ ಕರೆಗಳಲ್ಲಿ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಇರುತ್ತದೆ: "ಸರ್, ಈ ರ್‍ಯಾಂಕಿಗೆ ಯಾವ ಬ್ರಾಂಚ್ ತಗೊಳ್ಳಲಿ?" ರೇಡಿಯಾಲಜಿ (ಎಕ್ಸ್‌ರೇ, ಸ್ಕ್ಯಾನ್ ನೋಡುವ ವಿಭಾಗ), ಡರ್ಮಟಾಲಜಿ (ಚರ್ಮರೋಗ), ಜನರಲ್ ಮೆಡಿಸಿನ್ ಸೀಟುಗಳು ಮೇಲಿನ ರ್‍ಯಾಂಕಿನವರಿಗೇ ಮುಗಿದುಹೋಗುವುದರಿಂದ, ಅವು ಸಿಕ್ಕರೆ ಬದುಕು ನೆಲೆ ನಿಂತಿತು ಎಂಬ ನಂಬಿಕೆ ಮಕ್ಕಳಿಗಿಂತ ಅವರ ತಂದೆತಾಯಿಯರಲ್ಲೇ ಗಟ್ಟಿಯಾಗಿದೆ. ಆದರೆ ವೈದ್ಯನ ವೃತ್ತಿತೃಪ್ತಿಯನ್ನು ಬ್ರಾಂಚಿಗಿಂತ ಹೆಚ್ಚಾಗಿ ನಿರ್ಧರಿಸುವುದು ಅವನ ಸಮಯದ ಮೇಲೆ ಯಾರ ಹಿಡಿತವಿದೆ ಎಂಬುದು ಎಂದು ನಾನು ಬಲವಾಗಿ ನಂಬಿದ್ದೇನೆ.

ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ಎಂಡಿ ಮೂರು, ಅದರ ಮೇಲಿನ ಸೂಪರ್ ಸ್ಪೆಷಾಲಿಟಿಯಾದ ಡಿಎಂ ಮಾಡಿದರೆ ಮತ್ತೆ ಮೂರು. ಎಲ್ಲೂ ನಿಲ್ಲದೆ ಓದಿದವರೂ ಮೂವತ್ತರ ಹೊಸ್ತಿಲಲ್ಲಿರುತ್ತಾರೆ. ಇಷ್ಟೆಲ್ಲ ಓದಿ ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯೊಂದಕ್ಕೆ ಕನ್ಸಲ್ಟೆಂಟ್ ಆಗಿ ಸೇರಿದರೆ, ಸಾಮಾನ್ಯವಾಗಿ ಮೊದಲ ಒಂದೆರಡು ವರ್ಷ ಮಿನಿಮಮ್ ಗ್ಯಾರಂಟಿ ಎಂಬ ನಿಶ್ಚಿತ ಮೊತ್ತ ಕೈಗೆ ಬರುತ್ತದೆ. ಆ ಅವಧಿ ಮುಗಿದ ಮೇಲೆ ಒಪಿಡಿ (ಹೊರರೋಗಿ ವಿಭಾಗ), ಅಡ್ಮಿಷನ್, ಪ್ರೊಸೀಜರುಗಳಿಂದ ಬಂದ ಹಣದಲ್ಲಿ ಪಾಲು. ನಾನು ಕೆಲವು ವರ್ಷ ದುಡಿದ ಆಸ್ಪತ್ರೆಯಲ್ಲಿ ಪ್ರತಿ ತಿಂಗಳೂ ಒಂದು ಮೀಟಿಂಗ್ ಇರುತ್ತಿತ್ತು. ಒಪಿಡಿಯಲ್ಲಿ ನೋಡಿದವರಲ್ಲಿ ಎಷ್ಟು ಮಂದಿ ಅಡ್ಮಿಟ್ ಆದರು ಎಂಬ ಅಂಕಿಯನ್ನು ಪರದೆಯ ಮೇಲೆ ತೋರಿಸುತ್ತಿದ್ದರು. ಯಾರೂ ಗದರುತ್ತಿರಲಿಲ್ಲ, ಇಂಥದ್ದೇ ಮಾಡಿ ಎಂದು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಆದರೆ ಮರುದಿನ ರೋಗಿಯ ಮುಂದೆ ಕುಳಿತಾಗಲೂ ಆ ಅಂಕಿ ತಲೆಯಿಂದ ಇಳಿಯುತ್ತಿರಲಿಲ್ಲ.

ಈಗ ಹನುಮಂತನಗರದ ಕಡೆ ನನ್ನದೇ ಸಣ್ಣ ಕ್ಲಿನಿಕ್ಕಿದೆ. ಈಚೆಗೆ ಅಜ್ಜಿಯೊಬ್ಬರು ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆಂದು ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಕವರು, ಅದರ ತುಂಬ ಮಾತ್ರೆ. ಎಲ್ಲವನ್ನೂ ಮೇಜಿನ ಮೇಲೆ ಸುರಿದು ಒಂದೊಂದೇ ಸ್ಟ್ರಿಪ್ಪಿನ ಹಿಂಬದಿಯ ಸಣ್ಣಕ್ಷರ ಓದಿದಾಗ, ಬೇರೆ ಬೇರೆ ಹೆಸರಿನ ಎರಡು ಬಿಪಿ ಮಾತ್ರೆಗಳಲ್ಲೂ ಇದ್ದದ್ದು ಟೆಲ್ಮಿಸಾರ್ಟನ್ ಎಂಬ ಒಂದೇ ಔಷಧ. ಒಂದನ್ನು ಮನೆಯ ಹತ್ತಿರದ ಡಾಕ್ಟರು ಬರೆದಿದ್ದರು, ಇನ್ನೊಂದನ್ನು ಹೃದಯದ ಡಾಕ್ಟರು. ಅಜ್ಜಿ ಇಬ್ಬರ ಮಾತನ್ನೂ ತಪ್ಪದೆ ಪಾಲಿಸಿದ್ದರು! ಕೂತಾಗ, ನಿಂತಾಗ ಬಿಪಿ ನೋಡಿ, ಒಂದು ಮಾತ್ರೆ ನಿಲ್ಲಿಸಿ, ಉಳಿದವು ಬೆಳಗ್ಗೆ ಯಾವುದು ರಾತ್ರಿ ಯಾವುದು ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟೆ. "ಇಷ್ಟಕ್ಕೆ ಸ್ಕ್ಯಾನಿಂಗ್ ಬೇಡ್ವಾ ಡಾಕ್ಟ್ರೇ?" ಎಂದು ಜೊತೆಗೆ ಬಂದ ಮಗ ಅನುಮಾನದಿಂದಲೇ ಕೇಳಿದರು. ಇಂಥ ಕೆಲಸಕ್ಕೆ ಯಾವ ಪ್ಯಾಕೇಜಿನಲ್ಲೂ ದರವಿಲ್ಲ. ನಾನು ಓದಿದ್ದು ಇಂಥದ್ದಕ್ಕೇ ಅನ್ನಿಸಿದ ದಿನಗಳು ಮಾತ್ರ ಇವೇ.

ಹಾಗೆಂದು ಎಲ್ಲರೂ ಕ್ಲಿನಿಕ್ ತೆರೆಯಬೇಕೆಂದು ನಾನು ಹೇಳುವುದಿಲ್ಲ. ಈ ಊರಿನ ಬಾಡಿಗೆ, ಅಡ್ವಾನ್ಸ್ ಎಲ್ಲರಿಗೂ ಗೊತ್ತಿರುವಂಥದ್ದೇ. ರಜೆ ಹಾಕಿದರೆ ಆ ದಿನದ ಸಂಪಾದನೆ ಇಲ್ಲ, ಪಿಎಫ್ ಇಲ್ಲ, ಮತ್ತು ಆರಂಭದ ದಿನಗಳಲ್ಲಿ ನಮ್ಮ ಮನೆ ನಡೆದದ್ದು ನನ್ನ ಹೆಂಡತಿಯ ಸಂಬಳದಲ್ಲಿ. ಈ ಕೊನೆಯ ಸಂಗತಿಯನ್ನು ಮುಚ್ಚಿಟ್ಟು 'ಮನಸ್ಸಿಗೆ ಒಪ್ಪಿದ ಕೆಲಸ ಮಾಡಿ' ಎಂದು ಉಪದೇಶಿಸುವ ಹಿರಿಯರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೃದಯಾಘಾತವಾದವನಿಗೆ ನಡುರಾತ್ರಿ ಸ್ಟೆಂಟ್ ಹಾಕುವವರು ದೊಡ್ಡ ಆಸ್ಪತ್ರೆಯಲ್ಲೇ ಇರಬೇಕು; ಅದರಲ್ಲೇ ಸಾರ್ಥಕ್ಯ ಕಂಡ ಗೆಳೆಯರೂ ನನಗಿದ್ದಾರೆ.

ನಮ್ಮ ವೈದ್ಯರ ಸಮಾರಂಭಗಳಲ್ಲಿ ಡಾ. ಎಚ್. ಸುದರ್ಶನ್ ಅವರ ಹೆಸರು ತಪ್ಪದೆ ಬರುತ್ತದೆ. ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ನಡುವೆ ನೆಲೆಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದವರು ಅವರು. ಚಪ್ಪಾಳೆ ತಟ್ಟಿದ ಪೋಷಕರೇ ಮನೆಗೆ ಹೋಗಿ ಮಗಳಿಗೆ ರೇಡಿಯಾಲಜಿ ತೆಗೆದುಕೋ ಎನ್ನುತ್ತಾರೆ. ಕಾಡಿಗೂ ಕಾರ್ಪೊರೇಟಿಗೂ ನಡುವೆ ವಿಶಾಲವಾದ ಜಾಗವಿದೆಯೆಂದು ಹೇಳುವವರೇ ಕಡಿಮೆ. ಇದೇ ಬೆಂಗಳೂರಿನಲ್ಲಿ ಡಾ. ಎಂ. ಶಿವರಾಂ ಅವರು ಜನರ ಜ್ವರ ಕೆಮ್ಮು ನೋಡುತ್ತಲೇ 1942ರಲ್ಲಿ 'ಕೊರವಂಜಿ'ಯಂಥ ಹಾಸ್ಯಪತ್ರಿಕೆ ಹೊರಡಿಸಿದರು.

ಆದ್ದರಿಂದ ಕರೆ ಮಾಡುವವರಿಗೆ ನಾನು ಹೇಳುವುದಿಷ್ಟು: ನಿಮಗೆ ಬೇಕೆನಿಸಿದ ಬ್ರಾಂಚಿನಲ್ಲಿ ಹತ್ತು ಹದಿನೈದು ವರ್ಷ ಕಳೆದವರ ಪಕ್ಕದಲ್ಲಿ, ಯಾವ ವಿಶೇಷವೂ ಇಲ್ಲದ ಒಂದು ದಿನ, ಬೆಳಗಿನಿಂದ ಸಂಜೆಯವರೆಗೆ ಕುಳಿತುಕೊಳ್ಳಿ. ಸಂಬಳ ಯಾವ ಲೆಕ್ಕದಲ್ಲಿ ಬರುತ್ತದೆ, ಒಬ್ಬ ರೋಗಿಗೆ ಎಷ್ಟು ನಿಮಿಷ ಕೊಡಲು ಸಾಧ್ಯ, ಬೇಡ ಅನ್ನಿಸಿದ ತಪಾಸಣೆಯನ್ನು ಬೇಡವೆಂದು ಬರೆಯುವ ಸ್ವಾತಂತ್ರ್ಯವಿದೆಯೇ ಎಂದು ಸಂಕೋಚಪಡದೆ ಕೇಳಿ. ಇಷ್ಟೆಲ್ಲ ಕೇಳಿದ ಮೇಲೂ ರೇಡಿಯಾಲಜಿಯೇ ಬೇಕೆನಿಸಿದರೆ, ಸೀಟು ಹಂಚುವ ಕೌನ್ಸೆಲಿಂಗಿನಲ್ಲಿ ಅದನ್ನೇ ಮೊದಲ ಆಯ್ಕೆಯಾಗಿ ತುಂಬಿ.